ಒಂದು ಹಿಡಿ ಜೋಳದಷ್ಟು ಹೊತ್ತು

ಮೂಡಲಗಿ
ಸೋಮವಾರ, ೧೪ ನವೆಂಬರ ೧೯೩೮

ಮುಂಬಯಿಯಲ್ಲಿ ಎತ್ತಿನಷ್ಟು ದೊಡ್ಡ ಪಿಯಾನೊ ಬಾರಿಸುವ ಚಿರಂಜೀವಿ ಶಿದ್ರಾಮನಿಗೆ, ಅವನ ಮೊದಲ ಹಾರ್ಮೋನಿಯಂ ಪೇಟಿಯನ್ನು ಹೆಗಲ ಮೇಲೆ ಹೊತ್ತು ತಂದ ಕಾಕಾ ಸಾತಪ್ಪನ ತುಂಬು ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಅಂಚೆಯವನು ಇನ್ನೂ ಓಣಿಯ ಆ ತುದಿಯಲ್ಲಿದ್ದಾಗಲೇ, "ಮುಂಬಯಿ ಕಾಗದ ಐತೇನೋ?" ಎಂದು ಕೂಗಿದೆ. ನಾಲ್ಕು ಜನಕ್ಕೆ ಕೇಳಲಿ ಎಂದು. ಕಟ್ಟೆಯ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಓದಿದೆ. ನೀನು ಬರೆಯದ ಒಂದೆರಡು ಮಾತನ್ನು ನಾನೇ ಸೇರಿಸಿದೆ. ಯಾವುದೋ ಸಂಸ್ಥಾನದ ರಾಜ ನಿನ್ನ ಪಿಯಾನೊ ಕೇಳಿ ಎದ್ದು ನಿಂತುಬಿಟ್ಟ ಎಂದು ಓದಿದೆ. ಮುರಿಗೆಪ್ಪ ನಿನಗೆ ಗೊತ್ತಲ್ಲ, ಯಾವುದನ್ನೂ ಸುಮ್ಮನೆ ಬಿಡುವವನಲ್ಲ. "ಎಷ್ಟೊತ್ತು ನಿಂತಿದ್ದನಂತ?" ಎಂದು ಕೇಳಿದ. "ಇನ್ನೂ ನಿಂತಾನ. ಕುಂಡ್ರು ಅಂತ ಹೇಳೂದು ನಮ್ಮ ಶಿದ್ರಾಮ ಮರ್ತಾನ" ಎಂದೆ. ಕಟ್ಟೆಯೆಲ್ಲ ನಕ್ಕಿತು.

ನಿನ್ನ ಚರಿತ್ರೆಯನ್ನು ಈ ಊರಿಗೆ ಹೇಳುವವನು ನಾನೊಬ್ಬನೇ ಉಳಿದಿದ್ದೇನೆ. ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಮಠದ ಭಜನೆಯಲ್ಲಿ ಪೇಟಿ ಹಿಡಿದೆ. ಹುಕ್ಕೇರಿಯಲ್ಲಿ ನಾಟಕ ಕಂಪನಿ ಬಿಡಾರ ಹೂಡಿದಾಗ ಅವರ ಪೇಟಿ ಮಾಸ್ತರನಿಗೆ ಜ್ವರ ಬಂತು. ನಿನ್ನನ್ನು ರಟ್ಟೆ ಹಿಡಿದು ಪರದೆಯ ಮುಂದೆ ಕೂರಿಸಿದವನು ನಾನು. ರಾಜನ ಪ್ರವೇಶಕ್ಕೆ ನೀನು ಲಾವಣಿಯ ಚಾಲು ಬಾರಿಸಿದೆ, ಪಾಪ, ರಾಜ ಕುಣಿಯುತ್ತಲೇ ಸಿಂಹಾಸನಕ್ಕೆ ಬಂದ. ಜನ ಒನ್ಸ್‌ಮೋರ್ ಎಂದು ಕೂಗಿದರು. ಭಜನೆ ಇಲ್ಲಿಗೆ, ಲಾವಣಿ ಅಲ್ಲಿಗೆ ಎನ್ನುವ ಬೇಲಿ ನಿನ್ನ ಕಣ್ಣಿಗೆ ಕಾಣುವುದೇ ಇಲ್ಲ ಎಂದು ಅವತ್ತೇ ಗುರುತು ಹಿಡಿದೆ. ಆಮೇಲೆ ಬೆಳಗಾವಿ ಕ್ಯಾಂಪಿನ ಇಗರ್ಜಿಯಲ್ಲಿ ಪಿಯಾನೊ ಕಲಿತೆ. ಮುಂಬಯಿಗೆ ಹೋಗಿ ಮೂಕ ಸಿನೆಮಾದ ಪರದೆಯ ಕೆಳಗೆ ಕುಳಿತು, ಕುದುರೆ ಓಡಿದರೆ ಕುದುರೆ, ಮಳೆ ಬಂದರೆ ಮಳೆ ಬಾರಿಸಿದೆ. ಸಿನೆಮಾಕ್ಕೆ ಬಾಯಿ ಬಂದ ಮೇಲೆ ಹೋಟೆಲಿನಲ್ಲಿ ಗೋರಾ ಜನರ ಕುಣಿತಕ್ಕೆ ಬಾರಿಸಿದೆ. ಈಗ ಗ್ರಾಮಫೋನ ಪ್ಲೇಟಿನ ಕಂಪನಿಯಲ್ಲಿ ಪದ ಕಟ್ಟುವವನೂ ನೀನೇ, ಚಾಲು ಹಾಕುವವನೂ ನೀನೇ, ಯಾರು ಹಾಡಬೇಕು, ಸಾರಂಗಿಯವನು ಎಷ್ಟು ದೂರ ಕೂರಬೇಕು ಎಂದು ಹೇಳುವವನೂ ನೀನೇ. ಇಷ್ಟೆಲ್ಲ ನಾನು ಕಲಿಸಿದ್ದಲ್ಲ ಎಂದು ಯಾರಾದರೂ ಅಂದರೆ ನಾನು ಕೇಳಿಸಿಕೊಳ್ಳುವುದಿಲ್ಲ.

ಇನ್ನು ನೀನು ಕೇಳಿದ ವಿಷಯ. ನಿನ್ನ ಹೊಸ ಪ್ಲೇಟನ್ನು ನೀನು ಕಳಿಸುವ ಮೊದಲೇ ನಾನು ಗೋಕಾಕದಲ್ಲಿ, ಜಯಪಾಲ ಶೆಟ್ಟಿಯ ಅಂಗಡಿಯಲ್ಲಿ ಕೇಳಿದ್ದೆ. ಹತ್ತಿ ಮಾರಲು ಬಂದವರು, ಗಿರಣಿ ಬಿಟ್ಟು ಹೊರಟವರು, ಹೀಗೆ ಅಂಗಡಿ ತುಂಬ ಜನ. ಇದರಲ್ಲಿ ಬಾರಿಸಿದವನು ನನ್ನ ಅಣ್ಣನ ಮಗ, ತಾಯಿ ತಂದೆ ಹೋದ ಮೇಲೆ ನಮ್ಮ ಮನೆಯಲ್ಲೇ ಬೆಳೆದವನು ಎಂದು ಎಲ್ಲರಿಗೂ ಹೇಳುತ್ತ ಕುಳಿತಿದ್ದೆ. ಪ್ಲೇಟು ಶುರುವಾಯಿತು. ಪಿಯಾನೊ ಬೀಸುವ ಕಲ್ಲಿನ ಹಾಗೆ ಗರಗರ ತಿರುಗಿತು, ಹೆಣ್ಣುಮಗಳು ಬೀಸುವ ಪದ ಎತ್ತಿಕೊಂಡಳು, ಜನ ತಲೆದೂಗಿದರು. ನಡುವೆ, ಸಾಲು ಅರ್ಧಕ್ಕಿದ್ದಾಗ, ಹಾಡು ನಿಂತಿತು. ಪಿಯಾನೊ ನಿಂತಿತು. ಏನೂ ಇಲ್ಲ. ಮತ್ತೆ ಅದೇ ಅರ್ಧದಿಂದ ಹೊರಟಿತು.

"ಇದ ನೋಡ್ರಿ ಸಾತಪ್ಪಾರ, ನಿಮ್ಮ ಹುಡುಗನ ಪ್ಲೇಟ್ ಮುಗ್ಗರಸ್ತೈತಿ" ಎಂದ ಜಯಪಾಲ. "ತುಗೊಂಡು ಹೋದಾವ್ರೆಲ್ಲಾ ಹೊಳ್ಳಿ ತಂದ ಕೊಡಾಕತ್ತಾರ. ಸೂಜಿ ಬದಲಿ ಮಾಡಿದ್ರೂ ಅಷ್ಟ."

ಸಾತಪ್ಪ ಮಾತಿಲ್ಲದೆ ಕುಳಿತದ್ದನ್ನು ಗೋಕಾಕದವರು ಅದೇ ಮೊದಲು ನೋಡಿದ್ದು. ಅಡಿಕೆ ಗಂಟಲಲ್ಲಿ ಸಿಕ್ಕಿತ್ತು, ಬೇರೇನೂ ಅಲ್ಲ. ಜಯಪಾಲ ಒಳ್ಳೆಯ ಮನುಷ್ಯ, ನೀರು ತರಿಸಿಕೊಟ್ಟ.

ಅದು ಮುಗ್ಗರಿಸುವುದಲ್ಲ ಎಂದು ಕಟ್ಟೆಯವರಿಗೆ ಈಗ ನಾನೇ ತಿಳಿಸಿ ಹೇಳಿದ್ದೇನೆ. ಬೇರೆ ಹೆಂಗಸರು ಬಲಗೈಯಲ್ಲಿ ಬೀಸುವ ಕಲ್ಲು ತಿರುಗಿಸುತ್ತ ಎಡಗೈಯಲ್ಲಿ ಕಾಳು ಹಾಕುತ್ತಾರೆ. ಅವರ ಪದಕ್ಕೆ ನಿಲುಗಡೆ ಇಲ್ಲ. ನಿನ್ನ ಚಿಗವ್ವ ಲಗಮವ್ವನ ಎಡಗೈ ಹುಕ್ಕೇರಿ ದಾರಿಯಲ್ಲಿ ಚಕ್ಕಡಿ ಮಗುಚಿದಾಗಿನಿಂದ ಮೇಲೇಳುತ್ತಿರಲಿಲ್ಲ. ಒಂದೇ ಕೈಯಲ್ಲಿ ಎರಡೂ ಕೆಲಸ. ಕಲ್ಲು ನಿಲ್ಲಿಸಬೇಕು, ಗೂಟ ಬಿಡಬೇಕು, ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಬೇಕು, ಮತ್ತೆ ಗೂಟ ಹಿಡಿಯಬೇಕು. ಪದ ಎಲ್ಲಿಗೆ ಬಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು, ಶಬ್ದದ ನಡುವೆ ಕೂಡ. ನೀನು ಅವಳ ಎದುರು ಕುಳಿತು ಬಾಯಿ ತೆರೆದು ಕಾಯುತ್ತಿದ್ದೆ, ಹಿಡಿ ಜೋಳ ನಿನ್ನ ಬಾಯಿಗೇ ಬೀಳುತ್ತದೇನೋ ಎನ್ನುವ ಹಾಗೆ. ಅವಳು ತೀರಿಕೊಂಡಾಗ ನೀನು ಬಂದೆ, ಅಳಲಿಲ್ಲ, ಮೂರನೆಯ ದಿನ ಹೊರಟುಹೋದೆ. ಊರವರು ಆಡಿಕೊಂಡರು. ನೀನು ಅತ್ತದ್ದು ಎಲ್ಲಿ ಎಂದು ಈಗ ಪ್ಲೇಟು ಕೇಳಿದವರಿಗೆ ಗೊತ್ತು.

ಆದರೆ ನಿಮ್ಮ ಕಂಪನಿಯ ಸಾಹೇಬನಿಗೆ ಲಗಮವ್ವ ಯಾರು? ಆ ಖಾಲಿ ಜಾಗವನ್ನು ಪಿಯಾನೊದಿಂದ ತುಂಬಿ ಹೊಸದಾಗಿ ಹಾಡಿಸು, ಹಳೆಯ ಪ್ಲೇಟುಗಳನ್ನು ಒಡೆದು ಅರಗು ಮಾಡುತ್ತೇವೆ, ಒಪ್ಪದಿದ್ದರೆ ಮುಂದಿನ ಪದಗಳನ್ನು ಬೇರೆಯವನಿಗೆ ಕೊಡುತ್ತೇವೆ ಎಂದಿದ್ದಾನೆ. "ಕಾಕಾ, ತುಂಬಲೋ ಬೇಡವೋ, ನೀವು ಹೇಳಿದ ಹಾಗೆ" ಎಂದು ಬರೆದಿದ್ದೀ. ಇದನ್ನು ಓದಿದಾಗ ಕಟ್ಟೆಯವರೆಲ್ಲ ನನ್ನ ಮುಖ ನೋಡಿದರು. ಮುರಿಗೆಪ್ಪ, "ತುಂಬಲಿ ಬಿಡ್ರಿ, ತೂತ ಬಿದ್ದ ಕೊಡಾ ಯಾರ ತುಗೊಂತಾರ?" ಎಂದ. ನಾನೂ ಯೋಚಿಸಿದೆ. ಹೆಂಡತಿ ಸತ್ತವನು ಲೋಕದಲ್ಲಿ ನಾನೊಬ್ಬನೇ ಅಲ್ಲ. ನೀನು ಇಷ್ಟು ದೂರ ಹೋದವನು ಒಂದು ಉಸಿರಿನಷ್ಟು ಹೊತ್ತಿಗಾಗಿ ತಿರುಗಿ ಬರಬಾರದು. ತುಂಬಿಬಿಡು. ಹತ್ತು ಬೆರಳಿವೆ ನಿನಗೆ, ಚಂದಾಗಿ ತುಂಬು. ಉತ್ತರ ಬರೆದ ಮೇಲೆ ಓದಿ ತೋರಿಸುತ್ತೇನೆ ಎಂದು ಕಟ್ಟೆಯವರಿಗೆ ಮಾತು ಕೊಟ್ಟಿದ್ದೇನೆ. ಸಾತಪ್ಪನ ಮನಸ್ಸು ಎಷ್ಟು ದೊಡ್ಡದು ಎಂದು ಅವರೂ ನೋಡಲಿ.

ನನ್ನ ಕಾಳಜಿ ಬೇಡ. ರೊಟ್ಟಿ ನಾನೇ ಬಡಿಯುತ್ತೇನೆ; ಒಂದೊಂದು ಹುಣ್ಣಿಮೆ ಚಂದ್ರನಂತೆ ಏಳುತ್ತದೆ, ನೋಡುವವರಿಲ್ಲ ಅಷ್ಟೆ. ಬೀಸುವುದಕ್ಕೆ ನಾಗನೂರಿನ ಒಬ್ಬ ಹೆಣ್ಣುಮಗಳು ನಸುಕಿನಲ್ಲಿ ಬಂದು ಹೋಗುತ್ತಾಳೆ. ಈಗ ಓಣಿಯವರೆಲ್ಲ ಹಿಟ್ಟಿನ ಗಿರಣಿಗೆ ಹೋಗುವುದರಿಂದ ನಮ್ಮ ಮನೆಯ ಕಲ್ಲಿನ ಸಪ್ಪಳ ಒಂದೇ ಕೇಳುತ್ತದೆ. ಪಕ್ಕದ ಮನೆಯ ಸತ್ತೆವ್ವ, "ಕಾಕಾ, ಬೀಸೂದು ಕೇಳತೈತಿ, ಬೀಸಾಕಿ ಕಾಣಂಗಿಲ್ಲಲ್ರಿ?" ಎಂದಳು. "ಹಿತ್ತಲದಿಂದ ಬರ್ತಾಳವಾ, ಭಾಳ ನಾಚ್ತಾಳ" ಎಂದೆ. "ಯಾರ ಕಂಡ್ರೆ ನಾಚ್ತಾಳ, ನಿಮ್ಮನ್ನೋ ನಮ್ಮನ್ನೋ?" ಎಂದು ನಗುತ್ತ ಹೋದಳು. ಈ ವಯಸ್ಸಿನಲ್ಲೂ ನಿನ್ನ ಕಾಕಾನ ಮೇಲೆ ಊರಿಗೆ ಅನುಮಾನ ಇದೆ ಎಂದು ತಿಳಿದು ಸಂತೋಷಪಡು.

ಚೆನ್ನಾಗಿ ಉಣ್ಣು. ಸಮುದ್ರದ ಗಾಳಿಗೆ ಕಿವಿ ಕಟ್ಟಿಕೋ. ಉಳಿದದ್ದೆಲ್ಲ ಆಮೇಲೆ, ನಿನ್ನ ಬಂಡವಾಳ ಆ ಕಿವಿಯೇ.

ನಿನ್ನ ಕೀರ್ತಿಗೆ ಅರ್ಧ ಪಾಲುದಾರ,
ಕಾಕಾ ಸಾತಪ್ಪ

ತಾ.ಕ. — ರಾಜನ ಮಾತು ನಾನೇ ಸೇರಿಸಿದ್ದು ಎನ್ನುವ ಸಾಲನ್ನು ಬಿಟ್ಟು ಕಟ್ಟೆಯಲ್ಲಿ ಓದಿ ತೋರಿಸಿ ಬಂದೆ. ಎಲ್ಲರೂ ಹೌದೆಂದರು. ಇದನ್ನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಾಗನೂರಿನ ಹೆಣ್ಣುಮಗಳು ಯಾರೂ ಇಲ್ಲ. ಬೀಸುವವನು ನಾನು. ಮೀಸೆ ಹೊತ್ತ ಗಂಡಸು ಕಲ್ಲಿನ ಮುಂದೆ ಕುಳಿತದ್ದನ್ನು ಕಂಡರೆ ಮುರಿಗೆಪ್ಪ ನನ್ನನ್ನು ಕಟ್ಟೆ ಹತ್ತಗೊಡುವುದಿಲ್ಲ. ನೀನು ಕಳಿಸಿದ ಗ್ರಾಮಫೋನ ಪೆಟ್ಟಿಗೆಗೆ ಕೀಲಿ ಕೊಟ್ಟು, ಪ್ಲೇಟು ಹಚ್ಚಿ, ಗೂಟ ಹಿಡಿಯುತ್ತೇನೆ. ಅವಳು ನಿಲ್ಲುತ್ತಾಳೆ. ನಾನು ಹಿಡಿ ಜೋಳ ಹಾಕುತ್ತೇನೆ. ಅವಳು ಮತ್ತೆ ಎತ್ತಿಕೊಳ್ಳುತ್ತಾಳೆ. ಹಿಟ್ಟು ಇನ್ನೂ ದಪ್ಪವೇ ಬೀಳುತ್ತದೆ, ಆದರೆ ಹೊತ್ತು ತಪ್ಪುವುದಿಲ್ಲ. ಪ್ಲೇಟು ಸವೆಯುತ್ತ ಬಂದಿದೆ ಶಿದ್ರಾಮ. ಅದನ್ನು ನೀನು ತುಂಬಿದರೆ ನಾನು ಜೋಳ ಎಲ್ಲಿ ಹಾಕಲಿ? ಮೇಲೆ ತುಂಬಿಬಿಡು ಎಂದದ್ದು ಕಟ್ಟೆಗಾಗಿ ಬರೆದದ್ದು.