ಬಾಗಿಲಲ್ಲಿ ಕೂತು ಜರಡಿ ಹಿಡಿದವಳಿಗೆ

ಅಕ್ಕಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾನಲ್ಲ, ಇವನಿಗೆ ತಲೆ ಕೆಟ್ಟಿದೆಯೇ ಎಂದು ನೀನು ಅಂದುಕೊಳ್ಳುತ್ತೀಯ. ಎದುರಿಗೆ ಕೂತು ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಮಾತಾಡಿದರೆ ನಿನಗೆ ಕೆಮ್ಮು ಹತ್ತುತ್ತದೆ, ಕೆಮ್ಮು ಹತ್ತಿದರೆ ನಾನು ನೀರು ತರುವ ನೆಪದಲ್ಲಿ ಎದ್ದು ಹೋಗುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ. ನನಗೂ ಸಾಕಾಗಿದೆ. ಅದಕ್ಕೇ ನಮ್ಮ ಶೆಡ್ಡಿನಲ್ಲಿ, ಊಟದ ಬಿಡುವಿನಲ್ಲಿ, ಕಂಪ್ರೆಸರ್ ನಿಲ್ಲಿಸಿ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈ.

ಇವತ್ತು ಬೆಳಿಗ್ಗೆ ನಿನ್ನ ಡಾಕ್ಟರ ಹತ್ತಿರ ಹೋಗಿದ್ದೆ. ಎಲ್ಲವನ್ನೂ ಹೇಳಿಬಿಟ್ಟೆ.

ಮೊದಲ ದಿನ ಅವರು ಕೇಳಿದ್ದು ನೆನಪಿದೆಯಾ? "ಏನ್ ಕೆಲಸ ಮಾಡ್ತಿದ್ರಮ್ಮ? ಧೂಳಿನ ಕೆಲಸ ಏನಾದ್ರೂ ಇತ್ತಾ?" ನೀನು ಕಡ್ಡಿ ಮುರಿದ ಹಾಗೆ ಅಂದೆ: "ಇಲ್ಲ ಡಾಕ್ಟ್ರೇ, ಮನೆಗೆಲ್ಸ ಅಷ್ಟೇ." ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಕೈಯಲ್ಲಿ ನಿನ್ನ ಎಕ್ಸ್‌ರೇ ಲಕೋಟೆ, ಬಾಯಿಗೆ ಬೀಗ. ಹೊರಗೆ ಬಂದ ಮೇಲೆ ನೀನೇ ನನಗೆ ಸಮಾಧಾನ ಹೇಳಿದೆ: "ಗೊತ್ತಾದ್ರೆ ಶೆಡ್ ಮುಚ್ಚಿಸ್ತಾರೆ ಕಣೋ. ಅದ್ರಿಂದ ನಾಲ್ಕು ಮನೆ ನಡೀತಿದೆ. ನಂದೇನು, ಕೆಮ್ಮು ತಾನೇ." ಆ ಕೆಮ್ಮಿಗೆ ನೀನು ಆರು ತಿಂಗಳು ಕ್ಷಯದ ಮಾತ್ರೆ ನುಂಗಿದೆ. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಎದೆಯ ಚಿತ್ರದಲ್ಲಿ ಕಲೆ ಇದೆ ಎಂದು ಕೊಟ್ಟರು. ಪಾಪ, ನೀನು ಹೇಳಿದ್ದನ್ನೇ ಅವರು ನಂಬಿದರು. ಮಾತ್ರೆಯಿಂದ ಹೊಟ್ಟೆ ಕೆಟ್ಟಿತು, ಕೆಮ್ಮು ಎಲ್ಲಿಗೂ ಹೋಗಲಿಲ್ಲ.

ಹನ್ನೊಂದು ವರ್ಷ, ಅಕ್ಕಾ. ತುಕ್ಕು ಹಿಡಿದ ಗೇಟು, ಟ್ಯಾಂಕು, ಪೈಪು ಏನೇ ಬಂದರೂ ನಾನು ನಾಜಲ್ ಹಿಡಿದು ಗಾಳಿಯ ರಭಸದಲ್ಲಿ ಮರಳು ಹೊಡೆದು ತುಕ್ಕು ಕೀಳುವುದು, ನೀನು ಆ ಮರಳನ್ನು ಮತ್ತೆ ಬಳಸಲು ಜರಡಿ ಹಿಡಿಯುವುದು. ಹೆಲ್ಮೆಟ್ ಇದ್ದದ್ದು ಒಂದೇ. ಅದರೊಳಕ್ಕೆ ಕೊಳವೆಯಲ್ಲಿ ಶುದ್ಧ ಗಾಳಿ ಬರುತ್ತಿತ್ತು. ಬೆಳಿಗ್ಗೆ ನೀನೇ ಅದನ್ನು ನನ್ನ ತಲೆಗೆ ಹಾಕಿ, ಪಟ್ಟಿ ಬಿಗಿದು, ಮೇಲೆ ಎರಡು ಸಲ ಕುಟ್ಟಿ, "ದಯಮಾಡಿಸ್ಬೇಕು ಹೆಲ್ಮೆಟ್ ಮಹಾರಾಜ್ರು" ಅನ್ನುತ್ತಿದ್ದೆ. ಮಹಾರಾಜರು ಒಳಗೆ ಹೋಗುತ್ತಿದ್ದರು. ನೀನು ಮೂಗಿಗೆ ಹಳೇ ಬಟ್ಟೆ ಕಟ್ಟಿಕೊಂಡು, ಬೆಳಕು ಚೆನ್ನಾಗಿದೆ ಎಂದು ಬಾಗಿಲಲ್ಲೇ ಕೂರುತ್ತಿದ್ದೆ.

ಒಂದೇ ಮರಳನ್ನು ನಾಲ್ಕು ಸಲ ಬಳಸುತ್ತೇವೆ ಎಂದು ಇಬ್ಬರೂ ಎಷ್ಟು ಬೀಗುತ್ತಿದ್ದೆವು! ಕಬ್ಬಿಣಕ್ಕೆ ಬಡಿದಾಗಲೆಲ್ಲ ಮರಳು ಒಡೆಯುತ್ತದೆ. ನಾಲ್ಕನೇ ಸಲಕ್ಕೆ ಅರ್ಧ ಮರಳು ಹಿಟ್ಟಾಗಿರುತ್ತದೆ. ಆ ಹಿಟ್ಟನ್ನು ನೀನು ದಿನವೂ ಮುಖದ ಕೆಳಗೆ ಅಲ್ಲಾಡಿಸಿದೆ. ಕಣ್ಣಿಗೆ ಕಂಡದ್ದಷ್ಟೇ ಧೂಳು ಅಂದುಕೊಂಡಿದ್ದೆವು ನಾವು. ಕಾಣದಷ್ಟು ಸಣ್ಣದೇ ಎದೆಯ ತಳಕ್ಕೆ ಇಳಿದು ಕೂರುತ್ತದಂತೆ. ಬಟ್ಟೆ ಅದನ್ನು ತಡೆಯುವುದೇ ಇಲ್ಲವಂತೆ. ಸಾಲದ್ದಕ್ಕೆ ಸಂಜೆ ಗಾಳಿಯ ಪೈಪು ಹಿಡಿದು ನನ್ನ ಮೈಮೇಲಿನ ಧೂಳನ್ನೂ ನೀನೇ ಹಾರಿಸುತ್ತಿದ್ದೆ. ನನಗೆ ಕಚಗುಳಿಯಾಗುತ್ತಿತ್ತು, ನೀನು ನಗುತ್ತಿದ್ದೆ.

ಮರಳು ಬಿಟ್ಟು ಗಾರ್ನೆಟ್ ಕಲ್ಲಿನ ಪುಡಿಗೆ ಬಂದೆವಲ್ಲ, ಅದು ನಿನ್ನ ಎದೆ ನೋಡಿ ಅಲ್ಲ ಕಣೇ. ಮರಳು ಹೊಡೆದರೆ ಕೆಲಸವೇ ಕೊಡುವುದಿಲ್ಲ ಅಂದರು ಟ್ಯಾಂಕು ಕಳಿಸುವ ಕಂಪನಿಯವರು, ಅದಕ್ಕೆ. ಆಮೇಲೆ ನಾನು ದೊಡ್ಡ ಪಂಡಿತನಾದೆ. ದಪ್ಪ ತುಕ್ಕಿಗೆ ಉಕ್ಕಿನ ಹರಳು, ಹೊಳಪು ಬೇಕಾದಲ್ಲಿ ಗಾಜಿನ ಮಣಿ, ಮರದ ಬಾಗಿಲಿಗೆ ಅಕ್ರೋಟಿನ ಚಿಪ್ಪಿನ ಪುಡಿ. ಆ ಮೂಟೆ ನೋಡಿ ನೀನು, "ಒಳಗಿಂದನ್ನ ಯಾರು ತಿಂದ್ರೋ, ನಮ್ಗೆ ಬರೀ ಚಿಪ್ಪು ಕಳ್ಸಿದಾರೆ" ಅಂದಿದ್ದೆ. ಯಾವ ಲೋಹಕ್ಕೆ ಯಾವ ಪುಡಿ ಎಂದು ಕೇಳಿದವರಿಗೆಲ್ಲ ನಾನು ಪಾಠ ಹೇಳಿದೆ. ಯಾವ ಪುಡಿ ಹೊಡೆದರೂ ಹಳೇ ಬಣ್ಣದ ಸೀಸವೂ ತುಕ್ಕೂ ಎದ್ದೇ ಏಳುತ್ತವೆ, ಹತ್ತಿರ ಇರುವವರೆಲ್ಲರಿಗೂ ಹೆಲ್ಮೆಟ್ ಬೇಕು ಅನ್ನುವುದು ಮಾತ್ರ ಪಂಡಿತನ ತಲೆಗೆ ಹೊಳೆಯಲಿಲ್ಲ.

ಮಂಗಳವಾರ ಏನಾಯಿತು ಗೊತ್ತಾ? ನಾನು ಕೆಲಸ ಮುಗಿಸಿ ಹೊರಗೆ ಬಂದರೆ, ನಮ್ಮ ಪೇಂಟರನ ಹೆಂಡತಿ ಅದೇ ಬಾಗಿಲಲ್ಲಿ ಕೂತಿದ್ದಾಳೆ. ಮೊಳೆಯಲ್ಲಿ ನೇತಾಡುತ್ತಿದ್ದ ನಿನ್ನ ಜರಡಿಯನ್ನೇ ಇಳಿಸಿಕೊಂಡಿದ್ದಾಳೆ, ಮೂಗಿಗೆ ಬಟ್ಟೆ ಕಟ್ಟಿದ್ದಾಳೆ. ಯಾರನ್ನು ಕೇಳಿ ಕೂತೆ ಎಂದು ಕೂಗಾಡಿದೆ. ಅವಳಿಗೆ ಗಾಬರಿ. "ನಿಮ್ಮಕ್ಕ ಹನ್ನೊಂದು ವರ್ಷ ಹೀಗೇ ಕೂತಿದ್ರಂತಲ್ಲ ಅಣ್ಣಾ. ಅವ್ರಿಗೆ ಬಂದಿದ್ದು ಕ್ಷಯ ತಾನೇ, ಧೂಳಿಂದೇನೂ ಆಗ್ಲಿಲ್ವಲ್ಲ" ಅಂದಳು.

ನಾನು ಅವಳ ಕೈಯಿಂದ ಜರಡಿ ಕಿತ್ತುಕೊಂಡೆ. ನೀನು ನನ್ನನ್ನು ಉಳಿಸಲು ಹೇಳಿದ ಸುಳ್ಳು, ನಾನು ಸುಮ್ಮನಿದ್ದು ಸಾಕಿದ ಸುಳ್ಳು, ಇನ್ನೊಬ್ಬಳನ್ನು ತಂದು ನಿನ್ನ ಜಾಗದಲ್ಲಿ ಕೂರಿಸಿತ್ತು.

ಡಾಕ್ಟರು ಬೈಯಲಿಲ್ಲ. ಎಷ್ಟು ವರ್ಷ, ಎಲ್ಲಿ ಕೂರುತ್ತಿದ್ದರು, ಮೂಗಿಗೆ ಏನಿತ್ತು ಎಂದು ಕೇಳುತ್ತಾ ಬರೆದುಕೊಂಡರು. "ನೀವೆಲ್ಲಿರ್ತಿದ್ರಿ?" ಅಂದರು. ಒಳಗೆ, ಅಂದೆ. "ನಿಮಗೆ?" ಹೆಲ್ಮೆಟ್ ಇತ್ತು, ಅಂದೆ. ಅದನ್ನೂ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಇದು ಕ್ಷಯವಲ್ಲ, ಮರಳಿನ ಧೂಳು ಎದೆಯಲ್ಲಿ ಕೂತು ಬಂದದ್ದು, ವಾಸಿಯಾಗುವಂಥದ್ದಲ್ಲ, ಇನ್ನು ಹೆಚ್ಚದಂತೆ ನೋಡಿಕೊಳ್ಳೋಣ ಅಂದರು. ನಿನ್ನಿಂದ ಮುಚ್ಚಿಡಬಾರದು ಎಂದು ಇದನ್ನೂ ಬರೆದೆ. ಕೆಲಸದ ಜಾಗದ ವಿಚಾರ ಮೇಲಿನವರಿಗೆ ತಿಳಿಸಲೇಬೇಕಂತೆ. ತಿಳಿಸಿ ಅಂದೆ. ಶೆಡ್ಡು ಮುಚ್ಚಿದರೆ ಮುಚ್ಚಲಿ, ಅಕ್ಕಾ.

ಅಲ್ಲಿಯವರೆಗೆ ಬಾಗಿಲಲ್ಲಿ ಯಾರೂ ಕೂರುವುದಿಲ್ಲ. ಬಳಸಿದ ಪುಡಿಯನ್ನು ಯಾರೂ ಕೈಯಲ್ಲಿ ಜರಡಿ ಹಿಡಿಯುವುದಿಲ್ಲ. ಶೆಡ್ಡಿನ ಬಟ್ಟೆ ಶೆಡ್ಡಿನಲ್ಲೇ ಬಿಚ್ಚಿಟ್ಟು ಮನೆಗೆ ಹೋಗುತ್ತೇವೆ. ನಿನ್ನೆ ಎರಡನೇ ಹೆಲ್ಮೆಟ್ ಬಂತು. ಪುಡಿ ತುಂಬುವ ಕೆಲಸ ಪೇಂಟರನ ಹೆಂಡತಿಯದು, ಅವಳ ತಲೆಗೆ ನಾನೇ ಹಾಕಿ ಪಟ್ಟಿ ಬಿಗಿದೆ. ನೀನು ಮಾಡುತ್ತಿದ್ದ ಹಾಗೆ ಎರಡು ಸಲ ಕುಟ್ಟಲು ಕೈ ಎತ್ತಿದೆ. ಆಗಲಿಲ್ಲ.

ಗುರುವಾರ ನಿನ್ನನ್ನು ಕರೆದುಕೊಂಡು ಬಾ ಅಂದಿದ್ದಾರೆ. ಏನು ಕೆಲಸ ಮಾಡ್ತಿದ್ರಿ ಎಂದು ಮತ್ತೆ ಕೇಳಬಹುದು. ಮನೆಗೆಲಸ ಅನ್ನಬೇಡ. ಏನೂ ಅನ್ನದಿದ್ದರೂ ಸರಿ, ಈ ಸಲ ಪಕ್ಕದ ಕುರ್ಚಿಯವನು ಮಾತಾಡುತ್ತಾನೆ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕ್ಕೋ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಹಾಕಿಕೊಂಡುಬಿಡುತ್ತೀಯ. ನಿನ್ನ ದಿಂಬಿನ ಪಕ್ಕ ಪೆನ್ನು, ಪುಸ್ತಕ ಇಟ್ಟಿರುತ್ತೇನೆ. ಬೈಯುವುದನ್ನೆಲ್ಲ ಅದರಲ್ಲಿ ಬರೆ, ಎಷ್ಟು ಪುಟವಾದರೂ ಓದುತ್ತೇನೆ. ಉಸಿರು ಮಾತ್ರ ಖರ್ಚು ಮಾಡಬೇಡ. ಉಳಿದಿರುವಷ್ಟೂ ನಿನಗೇ ಇರಲಿ.

ನಿನ್ನ ಪಾಲಿನ ಗಾಳಿಯನ್ನೂ ಉಸಿರಾಡಿದ ತಮ್ಮ,
ಹೆಲ್ಮೆಟ್ ಮಹಾರಾಜ