ಕಾಮಣಿಯ ಬರೆ

ವಡಗಾವಿ, ಬೆಳಗಾವಿ
೯-೨-೧೯೮೪, ಗುರುವಾರ

ಚಿ. ಸೌ. ಬಾಳವ್ವನಿಗೆ ನಿನ್ನವ್ವನ ಆಶೀರ್ವಾದ. ಕೂಸಿನ ಹಣೆಗೊಂದು ಮುತ್ತು.

ನಿನ್ನ ಕಾಗದ ಇಂದು ಮಧ್ಯಾಹ್ನ ಮುಟ್ಟಿತು. ಹನ್ನೆರಡು ದಿನದ ಕೂಸಿಗೆ ಕಾಮಣಿಯಾಗಿ ಕಣ್ಣು ಹಳದಿಯಾಗಿದೆ, ರವಿವಾರ ನಿಮ್ಮತ್ತೆ ಭರಮವ್ವನವರು ತಮ್ಮ ಅಣ್ಣನ ಕಡೆಯಿಂದ ಹೊಟ್ಟೆಗೆ ಬರೆ ಹಾಕಿಸುತ್ತಾರೆ ಎಂದು ಬರೆದಿದ್ದೀ. ಕೆಳಗೆ, “ನನಗೂ ನೀ ಹಾಕಿದ್ದಿ ಅಲ್ಲಾ ಯವ್ವಾ, ಆರಾಮ ಆತಲ್ಲ, ಅದಕ್ಕ ನಾನೂ ಹೂಂ ಅಂದೇನಿ” ಎಂದಿದ್ದೀ. ಆ ಸಾಲಿನ ಮೇಲೇ ಕಣ್ಣಿಟ್ಟು ಕುಳಿತೆ, ಚಹಾ ಆರಿಹೋಯಿತು.

ಬೇಡ ಮಗಳೆ, ಹಾಕಿಸಬೇಡ. ಈ ಕಾಗದ ಮುಟ್ಟಿದ ಕೂಡಲೇ ಕೂಸನ್ನು ಎತ್ತಿಕೊಂಡು ಖಾನಾಪುರದ ಸರಕಾರಿ ದವಾಖಾನೆಗೆ ಹೋಗು.

ದಿನಾ ಬಾಲವಾಡಿಯ ಪಾಠ ಮುಗಿಸಿ ನಾನು ಸುತ್ತುವ ಸರ್ವೆ ಕೆಲಸ ನಿನಗೆ ಗೊತ್ತಿದೆ. ಕಾಲೇಜಿನ ಸರ್ ಒಬ್ಬರ ಫಾರ್ಮು ಹಿಡಿದು, ಮಕ್ಕಳನ್ನು ಹೇಗೆ ದಂಡಿಸುತ್ತೀರಿ ಎಂದು ತಾಯಂದಿರನ್ನು ಕೇಳುವುದು. ನಾಲ್ಕು ದೇಶಗಳಲ್ಲಿ ಇವೇ ಪ್ರಶ್ನೆ ಕೇಳಿ, ಎಲ್ಲಿಯ ಮಕ್ಕಳು ಎಷ್ಟು ಪೆಟ್ಟು ತಿನ್ನುತ್ತಾರೆ ಎಂದು ಹೋಲಿಸಿ ನೋಡುತ್ತಾರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಊರಲ್ಲಿ ಹೊಡೆಯುತ್ತೇನೆಂದು ಯಾರು ಒಪ್ಪುತ್ತಾರೆ? ಮಾಯಕ್ಕ ಎಂಬಾಕೆ, ಸೆರಗು ಜಗ್ಗಿದ ಮಗನ ಬೆನ್ನಿಗೊಂದು ಗುದ್ದಿ, “ಹಡದ ಮಕ್ಕಳನ್ನ ಯಾರರ ಹೊಡೀತಾರೇನ್ರಿ ಅಕ್ಕೋರ?” ಎಂದು ನನ್ನನ್ನೇ ಕೇಳಿದಳು. ಸುಟ್ಟಿದ್ದೀರಾ ಎಂದರೆ ಮಾತ್ರ, “ಹೂಂ ಬರ್ಕೋರಿ, ಕಾಮಣಿ ಆದಾಗ ಎರಡ ಸಲ ಬರಿ ಹಾಕಸೇನಿ” ಎಂದು ಹೆಮ್ಮೆಯಿಂದ ಹೇಳಿದಳು. ಹೀಗೇ ಬರೆದು ಕಳಿಸಿದರೆ ವಡಗಾವಿಯ ತಾಯಂದಿರೆಲ್ಲ ರಾಕ್ಷಸಿಯರೆಂದು ಬೇರೆ ದೇಶದವರು ತಿಳಿದಾರು ಎಂದು ಸರ್ ಆ ಪ್ರಶ್ನೆಗೆ ಎರಡು ಕಾಲಂ ಮಾಡಿಸಿದರು: ಔಷಧಕ್ಕಾಗಿ, ಸಿಟ್ಟಿನಿಂದ. ಅರವತ್ತೆರಡು ಮನೆ ಮುಗಿದಿವೆ. ಸಿಟ್ಟಿನ ಕಾಲಂ ಇನ್ನೂ ಖಾಲಿ ಇದೆ.

ಔಷಧದ ಕಾಲಮ್ಮಿನ ಮಕ್ಕಳನ್ನೂ ಕಂಡಿದ್ದೇನೆ. ಹೋದ ವಾರ ಒಂದು ಮನೆಯಲ್ಲಿ ತಿಂಗಳ ಕೂಸಿನ ಹೊಟ್ಟೆಯ ಬರೆ ಕೀವು ತುಂಬಿತ್ತು. ತಾಯಿ ಅದಕ್ಕೆ ಬಾಯಿಂದ ಊದುತ್ತ ಅಳುತ್ತಿದ್ದಳು. ಕೆಟ್ಟವಳಲ್ಲ ಆಕೆ.

ಚೊಚ್ಚಲ ಬಾಣಂತನಕ್ಕೆ ನೀನು ಬರುತ್ತೀ ಎಂದು ಅಂಟಿನ ಉಂಡಿ ಕಟ್ಟಿ, ತೊಟ್ಟಿಲು ತೊಳೆದಿಟ್ಟಿದ್ದೆ. “ನಿನಗ ದಿನಾ ತಿರಗೂ ಕೆಲಸ ಐತಿ, ಇಲ್ಲೇ ಇರ್ತೇನಿ” ಎಂದು ನೀನು ಹೇಳಿ ಕಳಿಸಿದೆ. ಉಂಡಿಯನ್ನು ನಾನು ನಿನಗೆ ಕಳಿಸಿಕೊಟ್ಟೆ. ತೊಟ್ಟಿಲಲ್ಲಿ ಈಗ ಫಾರ್ಮುಗಳನ್ನು ಇಡುತ್ತೇನೆ. ದಿನವೆಲ್ಲ ಮಂದಿಯನ್ನು ಪ್ರಶ್ನೆ ಕೇಳಿ ಮನೆಗೆ ಬಂದರೆ, ಉಂಡೆಯಾ ಎಂದು ನನ್ನನ್ನು ಕೇಳುವವರು ಯಾರೂ ಇಲ್ಲ.

ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ನಾನೇ ಬಂದು ಹೇಳಬಹುದಿತ್ತು. ಎದುರಿಗೆ ಕುಳಿತರೆ ಬಾಯಿ ಬರುವುದಿಲ್ಲ. ನಾಳೆ ಮುಂಜಾನೆಯ ಬಸ್ಸಿನ ಕಂಡಕ್ಟರ್ ಸಾತಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ದಾರಿ ನೋಡುವ ಅವ್ವ,
ಚಂದ್ರವ್ವ

ತಾ.ಕ.: ಮಡಿಚಿದ ಕಾಗದ ಮತ್ತೆ ಬಿಚ್ಚಿದೆ. ಇಷ್ಟೇ ಬರೆದರೆ ನೀನು ಅತ್ತೆಯ ಮಾತನ್ನೇ ಕೇಳುತ್ತೀ, ನಿನ್ನ ಕೈಮೇಲಿನ ಬರೆಯ ಗುರುತು ಸಾಕ್ಷಿಗೆ ಇದೆಯಲ್ಲ. ಬಾಳವ್ವ, ನಿನಗೆ ಕಾಮಣಿ ಆಗಿರಲೇ ಇಲ್ಲ. ನಿಮ್ಮಪ್ಪ ಇಚಲಕರಂಜಿಯಲ್ಲಿ ಬೇರೆ ಸಂಸಾರ ಹೂಡಿದ ಸುದ್ದಿ ಬಂದ ದಿನ ಅದು. ನಾನು ರೊಟ್ಟಿ ಸುಡುತ್ತಿದ್ದೆ. ಆರು ವರ್ಷದ ನೀನು “ಅಪ್ಪ ಯಾವಾಗ ಬರ್ತಾನವ್ವಾ” ಎಂದು ಬಿಡದೆ ಕೇಳಿದೆ. ಕಾದ ಇಕ್ಕಳ ಕೈಯಲ್ಲಿತ್ತು. ನಿನ್ನ ಚೀರಾಟ ಕೇಳಿ ಓಡಿಬಂದ ಮಂದಿಗೆ ಕಾಮಣಿಗೆ ಹಾಕಿದೆ ಎಂದೆ. ಎಲ್ಲರೂ ನಂಬಿದರು. ಸರ್ವೆ ಮಾಡುವ ನಮ್ಮಿಂದಲೂ ಸರ್ ಒಂದೊಂದು ಫಾರ್ಮು ತುಂಬಿಸಿದರು, ನನ್ನದರಲ್ಲೂ ಔಷಧ ಎಂದೇ ಬರೆದೆ.

ನೀನು ಬಾಣಂತನಕ್ಕೆ ಬರದಿದ್ದಾಗ, ಇವಳಿಗೆ ಎಲ್ಲ ನೆನಪಿದೆ, ಅದಕ್ಕೇ ಕೂಸನ್ನು ನನ್ನ ಮನೆಗೆ ತರಲಿಲ್ಲ ಎಂದುಕೊಂಡಿದ್ದೆ. ನಿನಗೇನೂ ನೆನಪಿಲ್ಲ ಎಂದು ಇಂದು ತಿಳಿಯಿತು. ಸುಮ್ಮನಿದ್ದರೆ ನೀನು ನನ್ನನ್ನು ನಂಬಿಕೊಂಡೇ ಇರುತ್ತಿದ್ದೆ, ಕೂಸಿನ ಹೊಟ್ಟೆ ಸುಡುತ್ತಿತ್ತು.

ದವಾಖಾನೆಗೆ ಹೋದೆ ಎಂದು ಸಾತಪ್ಪನ ಕೈಯಲ್ಲಿ ಒಂದೇ ಸಾಲು ಕಳಿಸು. ಅದರ ಮೇಲೆ ‘ಅವ್ವ’ ಎಂದು ಬರೆಯದಿದ್ದರೂ ನಡೆದೀತು.