ಹೊದಿಕೆಯ ಮೇಲಿನ ಹೆಸರು

ಮಾರ್ಚ್ 3, ಸೋಮವಾರ

ಬೆಳಗ್ಗಿಂದ ಸಿಸೇರಿಯನ್‌ಗಳೇ. ನಾನು ಅರಿವಳಿಕೆ ಕೊಟ್ಟ ಮೇಲೆ ಹೆಂಗಸರು ಚಳಿಗೆ ನಡುಗುತ್ತಾರೆ. ಬಿಸಿಗಾಳಿ ಹೊದಿಕೆ ಹಾಕುತ್ತೇನೆ. ಕಾಗದದಂಥ ತೆಳು ಚೀಲ, ಪೈಪಿನಿಂದ ಬಿಸಿಗಾಳಿ ತುಂಬಿಕೊಳ್ಳುತ್ತದೆ. ಒಬ್ಬರಿಗೆ ಮಾತ್ರ ಎಂದು ಅಂಚಿನಲ್ಲೇ ಅಚ್ಚಾಗಿದೆ. ನಮ್ಮ ನರ್ಸಿಂಗ್ ಹೋಮಿನಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ, ಟೆರೇಸಿನ ತಂತಿಗೆ ಹಾಕಿ, ಮತ್ತೊಬ್ಬರಿಗೂ ಅದೇ. ಗೊತ್ತಿದ್ದೂ ಹಾಕುತ್ತೇನೆ.

ಮಾರ್ಚ್ 8

ಸಿಂಧುವಿನ ಗಾಯದಲ್ಲಿ ಕೀವು. ಬಾಶೆಟ್ಟಿಹಳ್ಳಿ ಗಾರ್ಮೆಂಟ್ಸ್ ಹುಡುಗಿ, ಸೋಮವಾರ ಸಿಸೇರಿಯನ್ ಆದವಳು. ಮಗು ಎತ್ತಿಕೊಳ್ಳಲಾಗದೆ ಅಳುತ್ತಾಳೆ. ಹೊದಿಕೆಯಿಂದಲೇ ಎನ್ನಲಾರೆ... ಅಲ್ಲವೆಂದೂ ಹೇಳಲಾರೆ. ಮಾಲೀಕರಾದ ಡಾ. ಮನೋಹರ್‌ಗೆ ಹೇಳಿದೆ.

"ಪ್ರೂಫ್ ಇದ್ಯಾ ಡಾಕ್ಟ್ರೇ?"

"ಇಲ್ಲ ಸರ್. ಅನುಮಾನ."

"ಅನುಮಾನಕ್ಕೆಲ್ಲ ಹೊಸದು ತರಿಸ್ತಾ ಕೂತ್ರೆ ಬೋರ್ಡ್ ಇಳಿಸಿ ಚಿತ್ರಾನ್ನದ ಗಾಡಿ ಹಾಕ್ಬೇಕಷ್ಟೆ."

ನಕ್ಕರು. ನಾನೂ ನಕ್ಕೆ. ಯಾಕೆ?

ಮಾರ್ಚ್ 9

ಸಿಂಧುವನ್ನು ಮತ್ತೆ ಥಿಯೇಟರಿಗೆ ತಂದು ಗಾಯ ತೊಳೆದೆವು. ಹೊದಿಕೆಯ ಮೇಲೆ ಮಾರ್ಕರಿನಲ್ಲಿ ಅವಳ ಹೆಸರು ಬರೆದೆ. ಹೆಸರಿದ್ದರೆ ಅವಳೊಂದಿಗೇ ವಾರ್ಡಿಗೆ ಹೋಗಿ, ಅಲ್ಲಿಂದ ಕಸಕ್ಕೆ ಹೋಗುತ್ತದೆಂಬ ಲೆಕ್ಕ. ಆಯಾಗಳು ಓದಲೆಂದು ಕನ್ನಡದಲ್ಲೇ. ಸೊಟ್ಟ ಅಕ್ಷರ.

ಮಾರ್ಚ್ 12

ಮಧುರೆ ಹಳ್ಳಿಯ ಅಕ್ಷತಳ ಸಿಸೇರಿಯನ್ ಇತ್ತು. ನಾನು ಬರುವಷ್ಟರಲ್ಲಿ ಹೊದಿಸಿಯಾಗಿತ್ತು. ಅತ್ತೆ ಮುತ್ಯಾಲಮ್ಮ ಸ್ಟ್ರೆಚರಿನ ಪಕ್ಕ ನಿಂತು ಹೊದಿಕೆಯ ಮೇಲಿನ ಹೆಸರು ಓದುತ್ತಿದ್ದರು.

"ಸಿಂಧು ಅಂದ್ರೆ ಯಾರವ್ವ? ನಮ್ಮುಡ್ಗಿ ಅಕ್ಷತ."

ಶಾಮಲಾ ಸಿಸ್ಟರ್, "ಸ್ಪಿರಿಟ್ ಹಾಕಿ ಒರ್ಸಿದೀವಮ್ಮ. ಹೆಸ್ರು ಒಂದು ಹೋಗ್ಲಿಲ್ಲ, ಒಳಗೆ ಇಳಿದ್ಬಿಟ್ಟಿದೆ."

"ಹೆಸ್ರೇ ಹೋಗ್ದೆ ಇದ್ಮೇಲೆ ಮಿಕ್ಕಿದ್ದು ಹೋಗ್ತದಾ? ಒಬ್ಬ ಬಾಣಂತಿ ಹೊದ್ದಿದ್ದು ಇನ್ನೊಬ್ಳಿಗಾ? ನಾನು ಮಗೂಗೆ ಸುತ್ತೋ ಹಳೇ ಸೀರೆಗೂ ಕುದಿನೀರು ತೋರಿಸ್ದೆ ತಂದಿಲ್ಲ." ನನ್ನತ್ತ ತಿರುಗಿದರು. "ಏನ್ ಡಾಕ್ಟ್ರಮ್ಮ, ಇದು ಸರಿನಾ?"

ಬಾಗಿಲಲ್ಲಿ ಮನೋಹರ್ ಸರ್. ನಗಬಹುದಿತ್ತು, ಮೊನ್ನೆಯಂತೆ.

"ಸರಿಯಲ್ಲ ಅಮ್ಮ," ಅಂದೆ. ಹೊದಿಕೆ ತೆಗೆದು ಹರಿದು ಕಸದ ಕೆಂಪು ಬಕೆಟ್ಟಿಗೆ ಹಾಕಿದೆ.

ಸ್ಟೋರಿನಲ್ಲಿ ಹೊಸದಿರಲಿಲ್ಲ. ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಿಂದ ಆಗಷ್ಟೇ ಬಂದ ಹತ್ತಿ ಶೀಟುಗಳು, ಬಿಸಿ ಮಾಡಿದ ಸಲೈನ್, ಇವುಗಳಲ್ಲೇ ನಿಭಾಯಿಸಿದೆ. ಅಕ್ಷತ ಸ್ವಲ್ಪ ನಡುಗಿದಳು, ಅಷ್ಟೆ. ಹೆಣ್ಣು ಮಗು. ಸರ್ ಕೆಂಪು ಬಕೆಟ್ಟಿನತ್ತ ಒಮ್ಮೆ ನೋಡಿ ಹೊರಟುಹೋದರು.

ಮಾರ್ಚ್ 22

ಅಕ್ಷತಳ ಗಾಯ ಒಣಗಿದೆ. ಸಿಂಧುವಿನದು ಕೀವು ನಿಂತಿದೆ. ಕೂತುಕೊಂಡು ಮಗುವಿಗೆ ಹಾಲು ಕೊಡುತ್ತಾಳೆ. ಸರ್ ಒಂದು ಪೆಟ್ಟಿಗೆ ಹೊಸ ಹೊದಿಕೆ ತರಿಸಿದ್ದಾರೆ. "ಚಿತ್ರಾನ್ನದ ಗಾಡಿ ಹಾಕಿದ್ರೆ ನೀವೇ ಪಾರ್ಟ್‌ನರು. ಒಗ್ಗರಣೆ ನಿಮ್ದು," ಅಂದರು. ಈ ಸಲ ನಿಜವಾಗಿ ನಗು ಬಂತು.

ಮುತ್ಯಾಲಮ್ಮ ಕೇಳದಿದ್ದರೆ ನಾನು ಹೇಳುತ್ತಿದ್ದೆನೆ? ಗೊತ್ತಿಲ್ಲ. ಈಗ ಪ್ರತಿ ಹೊದಿಕೆಗೂ ಹೆಸರು. ಡಿಸ್ಚಾರ್ಜ್ ದಿನ ಮನೆಯವರೆದುರೇ ಹರಿಯುತ್ತೇವೆ.

ಶಾಮಲಾ ಫೋನು — ಬಿಂದುಶ್ರೀ ಅಂತ ಒಬ್ಬಳು, ಅರ್ಜೆಂಟ್ ಸಿಸೇರಿಯನ್. "ಹೊಸದು ತೆಗ್ದಿಟ್ಟಿದೀನಿ ಮೇಡಂ. ಮಾರ್ಕರ್ ಎಲ್ಲಿ?"

ನನ್ನ ಕೈಯಲ್ಲೇ ಇದೆ. ಇವತ್ತಿನ ಡೈರಿ ಇಷ್ಟನ್ನೂ ಇದರಲ್ಲೇ ಬರೆದೆ. ಹೊರಟೆ.